ಗೋಡೆಯ ಆಚೆ ಬಣ್ಣ, ಈಚೆ ಸುಣ್ಣ

ಪರವಾಡ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನಿಂದ ಹೊರಟ ರೈಲು ರಾತ್ರಿಯೆಲ್ಲ ಆಂಧ್ರವನ್ನು ದಾಟಿ, ವಿಜಯವಾಡದಲ್ಲಿ ಕೃಷ್ಣೆಯನ್ನು ಹಾದು, ವಿಶಾಖಪಟ್ಟಣ ಮುಟ್ಟುವ ಸ್ವಲ್ಪ ಮುಂಚೆ ದುವ್ವಾಡ ಅನ್ನುವ ಸ್ಟೇಷನ್ ಬರುತ್ತದೆ. ಅಲ್ಲಿ ಇಳಿದು ಸಮುದ್ರದ ಕಡೆಗೆ ಹೋದರೆ ಪರವಾಡ. ಒಂದು ಕಡೆ ಸಿಂಹಾದ್ರಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು, 2000 ಮೆಗಾವಾಟ್. ಇನ್ನೊಂದು ಕಡೆ ಫಾರ್ಮಾ ಸಿಟಿ, ನಾವು ನುಂಗುವ ಎಷ್ಟೋ ಮಾತ್ರೆಗಳ ಕಚ್ಚಾ ಪುಡಿ ತಯಾರಾಗುವ ಜಾಗ. ಮೊದಲು ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದ ಊರು 2022ರಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಅಲ್ಲಿನ ಒಂದು ಕಾರ್ಖಾನೆಗೆ ಸಾಫ್ಟ್‌ವೇರ್ ಕೂರಿಸುವ ಪ್ರಾಜೆಕ್ಟಿನ ಮೇಲೆ ನಾನು ಒಂದೂವರೆ ವರ್ಷ ಓಡಾಡಿದೆ. ಈಗ ಹೇಳಹೊರಟಿರುವುದು ಆ ಕೆಲಸದ ಕಥೆಯಲ್ಲ. ಆ ಸಮಯದಲ್ಲಿ ಶನಿವಾರಗಳಂದು ಮಾಡಿದ ಇನ್ನೊಂದು ಕೆಲಸದ್ದು.

ನಮ್ಮ ಕಂಪನಿಯ ಸಿಎಸ್ಆರ್ ವಿಭಾಗದಿಂದ ಒಂದು ಮೇಲ್ ಬಂತು. ಹತ್ತಿರದಲ್ಲಿರುವ ವೃದ್ಧಾಶ್ರಮವೊಂದರ ಕಾಂಪೌಂಡಿನ ಮೇಲೆ ಸಾರ್ವಜನಿಕ ಕಲಾಕೃತಿ ರಚಿಸುವುದು, ಸ್ವಯಂಸೇವಕರು ಬೇಕು ಅಂತ. ಅದನ್ನು ನಿಭಾಯಿಸುವ ಜವಾಬ್ದಾರಿ ನನ್ನ ತಲೆಗೆ ಬಂತು, ಯಾಕೆಂದರೆ ಎಕ್ಸೆಲ್ ಶೀಟ್ ಮಾಡಲು ಬರುವವನಿಗೆ ಎಲ್ಲವೂ ಬರುತ್ತದೆ ಎನ್ನುವುದು ನಮ್ಮ ಉದ್ಯಮದ ನಂಬಿಕೆ. ನಲವತ್ತು ಜನ, ಎರಡು ಶನಿವಾರ, ನೂರ ಇಪ್ಪತ್ತು ಅಡಿ ಗೋಡೆ. ಹುಡುಗ ಹುಡುಗಿಯರು ನಿಜಕ್ಕೂ ಬಿಸಿಲಲ್ಲಿ ಬೆವರಿಳಿಸಿ ದುಡಿದರು. ಅಲೆಗಳು ಬಂದವು, ಬಲೆ ಎಳೆಯುವ ಮೀನುಗಾರರು ಬಂದರು, ಅರಕು ಕಣಿವೆಯ ಕಾಫಿ ಗಿಡ ಬಂತು. ಕೊನೆಯಲ್ಲಿ ಬಾಯ್ತುಂಬ ನಗುವ ಒಬ್ಬ ಅಜ್ಜ, ಒಬ್ಬ ಅಜ್ಜಿ. ಅಜ್ಜಿಯ ಪಕ್ಕದಲ್ಲಿ, ಅವಳ ಮುಖಕ್ಕಿಂತ ದೊಡ್ಡದಾಗಿ, ಕಂಪನಿಯ ಲೋಗೊ. ಡ್ರೋನ್ ಹಾರಿಸಿ ವಿಡಿಯೊ ಮಾಡಿದೆವು. ನನ್ನ ಶೀಟಿನಲ್ಲಿ ಎಲ್ಲ ಸಾಲುಗಳೂ ಹಸಿರಾದವು.

ಎರಡನೇ ಶನಿವಾರ ಸಂಜೆ ಕೈ ತೊಳೆಯಲು ಒಳಗೆ ಹೋದೆ. ವರಾಂಡದಲ್ಲಿ ಕೂತಿದ್ದ ಒಬ್ಬ ಅಜ್ಜಿ ನಾನು ಫೋನಿನಲ್ಲಿ ಕನ್ನಡದಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಕರೆದರು. ಮಡಕಶಿರಾ ಕಡೆಯವರು. ಮಗನ ನೌಕರಿಯ ಹಿಂದೆ ಗಾಜುವಾಕಕ್ಕೆ ಬಂದು, ಅಲ್ಲಿಂದ ಇಲ್ಲಿಗೆ ಬಂದವರು. ಊರು, ಮನೆ, ಮಕ್ಕಳು ಎಲ್ಲ ವಿಚಾರಿಸಿದ ಮೇಲೆ ಕೇಳಿದರು: “ಹದಿನೈದು ದಿನದಿಂದ ಪೇಂಟಿನ ವಾಸ್ನೆ ಬತ್ತಾ ಐತೆ. ಆಕಡೀಕೆ ಏನಪ್ಪ ಬರುದ್ರಿ?”

ನಾನು ತಿರುಗಿ ನೋಡಿದೆ. ಆ ವರಾಂಡದ ಎದುರಿಗೇ ಅದೇ ಗೋಡೆ ಇತ್ತು. ಅದರ ಒಳಮೈ. ಬೂದು ಸಿಮೆಂಟು, ನಡುವೆ ಮಳೆನೀರು ಇಳಿದ ಪಾಚಿಯ ಪಟ್ಟೆಗಳು, ಒಂದು ಮೂಲೆಯಲ್ಲಿ ಒಣಹಾಕಿದ ಬೆಡ್‌ಶೀಟು. ಆ ಅಜ್ಜಿ ದಿನಕ್ಕೆ ಏಳೆಂಟು ಗಂಟೆ ನೋಡುವುದು ಅದನ್ನೇ. ಮೊಬೈಲ್ ತೆಗೆದು ಫೋಟೊ ತೋರಿಸಿದೆ. ಕಣ್ಣಿಗೆ ಪೊರೆ, ಕಾಣಲಿಲ್ಲ. “ಚೆನ್ನಾಗೈತೆ ಬಿಡು” ಅಂದರು, ನನ್ನ ಸಮಾಧಾನಕ್ಕೆ.

ಅವತ್ತಿನಿಂದ ಈ ವಿಷಯ ನನ್ನ ತಲೆ ತಿನ್ನುತ್ತಿದೆ. ಮೊದಲು ತಪ್ಪು ಒಪ್ಪಿಕೊಂಡು ಮುಂದುವರಿಯುತ್ತೇನೆ. ಇಪ್ಪತ್ತು ವರ್ಷದಿಂದ ನಾನು ಬದುಕುತ್ತಿರುವುದು ಬಳಕೆದಾರ ಅನ್ನುವ ಪದದ ಮೇಲೆ. ಬಳಕೆದಾರನಿಗೆ ಏನು ಬೇಕು ಎಂದು ಕೇಳದೆ ಒಂದು ಸ್ಕ್ರೀನ್ ಕೂಡ ಮಾಡಬಾರದು ಎಂದು ಹೊಸಬರಿಗೆ ಪಾಠ ಹೇಳುತ್ತೇನೆ. ಕಾರ್ಖಾನೆಯ ಗೋದಾಮಿನಲ್ಲಿ ಮೂಟೆ ಎಣಿಸುವವನನ್ನು ಮೂರು ಸಲ ಕೂರಿಸಿಕೊಂಡು ಮಾತಾಡಿಸಿದ್ದೆವು, ಅವನು ಒಪ್ಪಿ ಸಹಿ ಹಾಕದಿದ್ದರೆ ಗೋ-ಲೈವ್ ಇಲ್ಲ. ಅದೇ ನಾವು ಮೂವತ್ತೆಂಟು ಜನ ವಾಸಿಸುವ ಮನೆಯೊಂದಕ್ಕೆ ಚಿತ್ರ ಬರೆಯುವಾಗ ಒಳಗಿನ ಒಬ್ಬರನ್ನೂ ಕೇಳಲಿಲ್ಲ. ಕೇಳಬೇಕು ಎಂದು ಯಾರಿಗೂ ಹೊಳೆಯಲೂ ಇಲ್ಲ. ಬಣ್ಣದ ಬ್ರಾಂಡಿನ ಬಗ್ಗೆ ಮಾತ್ರ ನಾಲ್ಕು ಮೀಟಿಂಗ್ ಮಾಡಿದ್ದೆವು.

ಇದು ನಮ್ಮೊಬ್ಬರ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ನೀವು ಬೆಂಗಳೂರಿನಲ್ಲಿದ್ದರೂ, ಪುಣೆ, ಹೈದರಾಬಾದಿನಲ್ಲಿದ್ದರೂ ನಿಮ್ಮ ಬಡಾವಣೆಯ ವೃದ್ಧಾಶ್ರಮ, ಅಂಗವಿಕಲರ ವಸತಿಗೃಹ, ಮಾನಸಿಕ ಆರೋಗ್ಯ ಕೇಂದ್ರದ ಗೋಡೆ ನೆನಪಿಸಿಕೊಳ್ಳಿ. ಚಿತ್ರ ಇದ್ದರೆ ಯಾವ ಕಡೆ ಇದೆ? ಬಹುಮಟ್ಟಿಗೆ ರಸ್ತೆಯ ಕಡೆ. ಯಾಕೆಂದರೆ ಸಾರ್ವಜನಿಕರು ಓಡಾಡುವುದು ರಸ್ತೆಯಲ್ಲಿ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಗೇಟಿನ ಒಳಗೆ ಹೋದ ದಿನವೇ ಮನುಷ್ಯ ಸಾರ್ವಜನಿಕರ ಪಟ್ಟಿಯಿಂದ ಬಿದ್ದುಹೋಗುತ್ತಾನೆ. ಆಮೇಲೆ ಅವನು ಫಲಾನುಭವಿ. ಚುನಾವಣಾ ಆಯೋಗ ಕೂಡ ಹೀಗೆ ಯೋಚಿಸುವುದಿಲ್ಲ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರು ಇದ್ದಲ್ಲಿಗೇ ಮತಪತ್ರ ತೆಗೆದುಕೊಂಡು ಹೋದರು. ಸರ್ಕಾರ ರಚಿಸುವಷ್ಟು ಸಾರ್ವಜನಿಕರಾದವರು ಒಂದು ಚಿತ್ರ ನೋಡುವಷ್ಟು ಸಾರ್ವಜನಿಕರಲ್ಲವೇ?

ಕಾನೂನಿನಲ್ಲಿ ಏನಿದೆ ಎಂದು ಹುಡುಕಿದೆ. ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕೆ 2007ರ ಕಾಯ್ದೆ ಇದೆಯಲ್ಲ, ಮಕ್ಕಳು ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕು ಎನ್ನುವುದು, ಅದರ 19ನೇ ಸೆಕ್ಷನ್ ವೃದ್ಧಾಶ್ರಮಗಳಿಗೆ ಸಂಬಂಧಿಸಿದ್ದು. ಜಿಲ್ಲೆಗೆ ಕನಿಷ್ಠ ಒಂದು, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಇರುವಂಥದ್ದು, ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ಅದೇ ಸೆಕ್ಷನ್ನಿನಲ್ಲಿ ಅಲ್ಲಿನ ನಿವಾಸಿಗಳಿಗೆ ವೈದ್ಯಕೀಯ ಆರೈಕೆಗೆ ಬೇಕಾದ ಸೇವೆಗಳ ಜೊತೆಗೆ ಮನರಂಜನೆಯ ಸೌಲಭ್ಯದ ಮಾತೂ ಇದೆ. ಕಾಯ್ದೆ ಬರೆದವರಿಗೆ ಹೊಳೆದಿತ್ತು, ಮಾತ್ರೆ ಮತ್ತು ಗಂಜಿಯ ಆಚೆಗೂ ಮನುಷ್ಯನಿಗೆ ಏನೋ ಬೇಕು ಅಂತ. ಅದು ಜಾರಿಗೆ ಬರುವಾಗ ಗೋಡೆಗೆ ಹಾಕಿದ ಒಂದು ಟಿವಿ ಆಯಿತು. ರಿಮೋಟ್ ಮಾತ್ರ ವಾರ್ಡನ್ ಹತ್ತಿರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇನ್ನೂ ನೇರವಾಗಿ, ಕಲೆ ಅಂಗವಿಕಲರಿಗೆ ಎಟುಕುವಂತಿರಬೇಕು ಎನ್ನುತ್ತದೆ.

ಇನ್ನು ಹಣ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಎನ್ನುವ ಪಟ್ಟಿ ಏಳನೇ ಅನುಸೂಚಿಯಲ್ಲಿದೆ. ಅದರಲ್ಲಿ ವೃದ್ಧಾಶ್ರಮ ಇದೆ. ಎರಡು ಕಲಮು ಕೆಳಗೆ ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಗಳ ಉತ್ತೇಜನವೂ ಇದೆ. ಈ ಎರಡು ಕಲಮುಗಳನ್ನು ಜೋಡಿಸಲು ಎಂಟೆಕ್ ಮಾಡಿರಬೇಕಾಗಿಲ್ಲ. ಆದರೂ ನಾವು ಎರಡನ್ನೂ ಜೋಡಿಸುವುದು ರಸ್ತೆ ಬದಿಯ ಗೋಡೆಯಲ್ಲೇ, ಯಾಕೆಂದರೆ ಫೋಟೊ ಬರುವುದು ಅಲ್ಲೇ.

ಈಗ ನನ್ನ ಮನೆಯ ಮಾತು. ನನ್ನ ತಂದೆ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವರು. ಮಲೆನಾಡಿನ ತಾಲ್ಲೂಕುಗಳಲ್ಲಿ ಸರಪಳಿ ಹಿಡಿದು ನಡೆದವರು. ಲಕ್ವ ಹೊಡೆದ ಮೇಲೆ ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿ ಏಳು ತಿಂಗಳಿದ್ದರು. ಮಾತು ಪೂರ್ತಿ ಬರುತ್ತಿರಲಿಲ್ಲ, ಆದರೆ ನಕ್ಷೆ ಓದುವುದು ಮರೆತಿರಲಿಲ್ಲ. ಮನೆಯಲ್ಲಿದ್ದ ತೀರ್ಥಹಳ್ಳಿ ತಾಲ್ಲೂಕಿನ ಹಳೇ ನಕ್ಷೆಯನ್ನು ಮಂಚದೆದುರು ಹಾಕು ಎಂದು ಕೈಸನ್ನೆಯಲ್ಲಿ ಕೇಳಿದರು. ನಾನು ತಂದೆ. ಅಲ್ಲಿಯವರು ಬಿಡಲಿಲ್ಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಟೇಪು ಅಂಟಿಸಿದರೆ ಪೇಂಟು ಕಿತ್ತುಬರುತ್ತದೆ, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ. ನಿಯಮ ಎಂದರೆ ನಿಯಮ. ನಾನು ಜಗಳ ಮಾಡಲಿಲ್ಲ, ಮರುದಿನ ಡೆಲಿವರಿ ಇತ್ತು. ನಕ್ಷೆ ಸುರುಳಿ ಸುತ್ತಿಕೊಂಡು ವಾಪಸ್ ತಂದೆ. ಅವರ ಎದುರಿನ ಗೋಡೆಯಲ್ಲಿ ಕೊನೆಯವರೆಗೂ ಇದ್ದದ್ದು ಒಂದು ವಿಮಾ ಕಂಪನಿಯ ಕ್ಯಾಲೆಂಡರು ಮತ್ತು ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿಯ ಚಿತ್ರ, ಏಳಲಾರದವರಿಗೆ.

ಆಚೆ ಕಡೆ ನೂರಿಪ್ಪತ್ತು ಅಡಿ ಬಣ್ಣ ಬಳಿಯಲು ಅಪ್ಪಣೆ, ಈಚೆ ಕಡೆ ಒಂದು ಮೊಳೆಗೂ ಇಲ್ಲ. ಈ ಲೇಖನಕ್ಕೆ ಕಾರಣ ಇಷ್ಟೇ.

“ಸ್ವಾಮಿ, ಮೊದಲು ಊಟ, ಔಷಧ, ಶೌಚಾಲಯ ಸರಿ ಇರಲಿ. ಚಿತ್ರ ಗಿತ್ರ ಆಮೇಲೆ.” ಇದು ನನಗೆ ಬಂದ ಮೊದಲ ಉತ್ತರ. ಒಳ್ಳೆಯವರೇ ಹೇಳಿದ್ದು. ಇದಕ್ಕೆ ನನ್ನ ಹತ್ತಿರ ಭಾವನೆಯ ಉತ್ತರವೂ ಇದೆ, ಲೆಕ್ಕದ ಉತ್ತರವೂ ಇದೆ. ಲೆಕ್ಕದ್ದನ್ನೇ ಹೇಳುತ್ತೇನೆ. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರೋಜರ್ ಉಲ್ರಿಚ್ ಎನ್ನುವವರ ಒಂದು ಸಣ್ಣ ಅಧ್ಯಯನ ಬಂತು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ, ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನರ್ಧ ಜನರಿಗೆ ಇಟ್ಟಿಗೆ ಗೋಡೆ. ವಯಸ್ಸು, ಲಿಂಗ ಎಲ್ಲ ಹೊಂದಿಸಿ ಜೋಡಿ ಮಾಡಿ ದಾಖಲೆ ನೋಡಿದಾಗ, ಮರ ಕಂಡವರು ಹೆಚ್ಚು ಕಡಿಮೆ ಮುಕ್ಕಾಲು ದಿನ ಮುಂಚೆ ಮನೆಗೆ ಹೋಗಿದ್ದರು ಮತ್ತು ಕಡಿಮೆ ಪ್ರಬಲ ನೋವುನಿವಾರಕ ತೆಗೆದುಕೊಂಡಿದ್ದರು. ಸಣ್ಣ ಅಧ್ಯಯನ, ಒಂದೇ ಆಸ್ಪತ್ರೆ, ಅದರ ಮಿತಿ ಗೊತ್ತಿದೆ. ಆದರೂ ಎದುರಿಗೆ ಏನು ಕಾಣುತ್ತದೆ ಎನ್ನುವುದು ಔಷಧದ ಖರ್ಚಿನ ಬಾಬತ್ತೂ ಹೌದು ಎಂದು ಅದು ತೋರಿಸಿತು. ಊಟ, ಔಷಧ, ನೋಟ ಇವನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ ನಿಲ್ಲಿಸಬೇಕಿಲ್ಲ ಎಂದು ನನಗೆ ಅನ್ನಿಸಿದ್ದು ಅದನ್ನು ಓದಿದ ಮೇಲೆ. ಸಾಲದ್ದಕ್ಕೆ ಇಲ್ಲಿ ಹಣವೇ ಇಲ್ಲ ಎನ್ನುವ ಪ್ರಶ್ನೆಯೂ ಇರಲಿಲ್ಲ. ಬಣ್ಣ ಬಂದಿತ್ತು, ಬ್ರಶ್ಶು ಬಂದಿತ್ತು, ನಲವತ್ತು ಜನ ಬಂದಿದ್ದರು. ಗೇಟು ದಾಟಿ ಒಳಗೆ ಹೋಗಿದ್ದರೆ ಒಂದು ರೂಪಾಯಿ ಹೆಚ್ಚು ಖರ್ಚಾಗುತ್ತಿರಲಿಲ್ಲ.

ಅದೇ ಉಲ್ರಿಚ್ ಮುಂದೆ ಸ್ವೀಡನ್ನಿನ ಉಪ್ಸಲಾದಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾದವರ ಮಂಚದೆದುರು ಬೇರೆ ಬೇರೆ ಚಿತ್ರ ಇಟ್ಟು ನೋಡಿದರು. ನೀರು ಮತ್ತು ಮರಗಳ ಚಿತ್ರ ಇದ್ದವರಿಗೆ ಆತಂಕ ಕಡಿಮೆಯಾಯಿತು. ನೇರ ಗೆರೆಗಳ ಅಮೂರ್ತ ಚಿತ್ರ ಇದ್ದವರಿಗೆ ಏನೂ ಚಿತ್ರವಿಲ್ಲದವರಿಗಿಂತ ಆತಂಕ ಹೆಚ್ಚಾಯಿತು. ಅಂದರೆ ಏನಾದರೂ ಬರೆದರಾಯಿತು ಎನ್ನುವ ಧಾರಾಳತನವೂ ಇಲ್ಲಿ ಸಲ್ಲದು. ನಮ್ಮ ಆಫೀಸಿನ ಲಾಬಿಯ ಕಲೆಯನ್ನು ಎತ್ತಿಕೊಂಡು ಬಂದು ಮಲಗಿದವರ ಎದುರು ಹಚ್ಚಿದರೆ ಕೆಡುಕೂ ಆಗಬಹುದು.

ಮುಪ್ಪಿನ ಕಣ್ಣೇ ಬೇರೆ. ಅರವತ್ತರ ಕಣ್ಣಿನ ಒಳಪದರಕ್ಕೆ ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಮುಟ್ಟುವುದರ ಸುಮಾರು ಮೂರನೇ ಒಂದು ಭಾಗ. ಮಸೂರ ಹಳದಿಗಟ್ಟುತ್ತ ನೀಲಿ ಹಸಿರುಗಳ ವ್ಯತ್ಯಾಸ ಕರಗುತ್ತದೆ. ನಾವು ಬರೆದ ಸಮುದ್ರ, ನೀಲಿಯೊಳಗೆ ಹಸಿರು ಹಸಿರೊಳಗೆ ನೀಲಿ, ಆ ಅಜ್ಜಿಗೆ ಪೊರೆ ತೆಗೆಸಿ ಹೊರಗೆ ಕರೆತಂದು ನಿಲ್ಲಿಸಿದ್ದರೂ ಅರ್ಧ ಕಾಣುತ್ತಿತ್ತೋ ಏನೋ. ಮರೆವಿನ ಕಾಯಿಲೆ ಇದ್ದವರಿಗೆ ನೆಲದ ಮೇಲಿನ ಕಪ್ಪು ಚೌಕ ಗುಂಡಿಯಂತೆ ಕಾಣುತ್ತದೆ, ಹೊಳೆಯುವ ನೆಲ ನೀರು ಚೆಲ್ಲಿದಂತೆ ಕಾಣುತ್ತದೆ. ಅಂಥವರ ಓಣಿಯಲ್ಲಿ ಈಗಿನ ಫ್ಯಾಷನ್ನಿನ ತ್ರೀಡಿ ಚಿತ್ರ ಬರೆದರೆ ಸೊಂಟ ಮುರಿಯುವುದು ಖಂಡಿತ.

ಇದನ್ನೆಲ್ಲ ಯಾರಾದರೂ ಯೋಚಿಸಿದ್ದಾರೆಯೇ? ತೊಂಬತ್ತು ವರ್ಷಗಳ ಹಿಂದೆಯೇ. ಫಿನ್ಲೆಂಡಿನ ಪೈಮಿಯೊ ಎನ್ನುವಲ್ಲಿ 1933ರಲ್ಲಿ ಕ್ಷಯರೋಗಿಗಳಿಗೆ ಒಂದು ಆರೋಗ್ಯಧಾಮ ಪೂರ್ತಿಯಾಯಿತು. ವಾಸ್ತುಶಿಲ್ಪಿ ಅಲ್ವರ್ ಆಲ್ಟೊ ಕೋಣೆಯನ್ನು ನಿಂತವನಿಗೆ ಬದಲಾಗಿ ಮಲಗಿದವನಿಗಾಗಿ ರಚಿಸಿದ. ಮಲಗಿದವನ ಗೋಡೆ ಎಂದರೆ ಸೂರು. ಹಾಗಾಗಿ ಕಣ್ಣು ಕುಕ್ಕುವ ಬಿಳಿ ಬಿಟ್ಟು ಸೂರಿಗೆ ತಂಪಾದ ಗಾಢ ಬಣ್ಣ ಬಳಿಸಿದ. ದೀಪ ನೇರ ಕಣ್ಣಿಗೆ ಬೀಳದಂತೆ ಸರಿಸಿದ. ರಾತ್ರಿ ಪಕ್ಕದವನು ಕೈ ತೊಳೆದರೆ ಸದ್ದಾಗದಂಥ ಬೇಸಿನ್ ಮಾಡಿಸಿದ.

ಯುರೋಪಿನ ಉದಾಹರಣೆ ಬೇಡ ಎನ್ನುವವರು ಶಾಂತಿನಿಕೇತನಕ್ಕೆ ಬನ್ನಿ. 1940ರಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಕಲಾಭವನದ ಹಾಸ್ಟೆಲಿನ ಸೂರಿನ ಮೇಲೆ ಬೀರಭೂಮದ ಹಳ್ಳಿಯನ್ನು ಬರೆದರು. ನಡುವೆ ಕೆರೆ, ಸುತ್ತ ಮರ, ದನ, ಜನ. ಕೆಳಗೆ ಮಂಚದಲ್ಲಿ ಬಿದ್ದುಕೊಂಡ ಹುಡುಗನಿಗೆ ಇಡೀ ಊರು ಮೇಲೆ. ಅವರಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ಐವತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆ ಫಲಿಸದೆ ಪೂರ್ತಿ ಕುರುಡಾದರು. ಆಮೇಲೆ ಕೈಯ ಸ್ಪರ್ಶದಿಂದಲೇ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. 1972ರಲ್ಲಿ ಅದೇ ಕಲಾಭವನದ ಗೋಡೆಗೆ ಅವರು ರೂಪಿಸಿದ ಟೈಲ್ಸ್ ಭಿತ್ತಿಚಿತ್ರ ಬಂತು. ಅದೇ ವರ್ಷ ಶಿಷ್ಯ ಸತ್ಯಜಿತ್ ರಾಯ್ ಅವರ ಮೇಲೆ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಕಣ್ಣು ಹೋದ ಮೇಲೆ, ಅರವತ್ತೆಂಟರ ಹತ್ತಿರ ಹತ್ತಿರ ವಯಸ್ಸಿನಲ್ಲಿ ಒಬ್ಬ ಮನುಷ್ಯ ಗೋಡೆ ತುಂಬಿಸಿದ ದೇಶದಲ್ಲಿ ನಿಂತು ವಯಸ್ಸಾದವರಿಗೆ ಕಲೆ ಯಾಕೆ ಎಂದು ನಾವು ಕೇಳುತ್ತಿದ್ದೇವೆ.

ಎರಡನೇ ಆಕ್ಷೇಪ ಇನ್ನೂ ಮಜವಾಗಿದೆ. “ಅವರಿಗೆ ಕಲೆ ಎಲ್ಲಿ ಅರ್ಥ ಆಗುತ್ತೆ? ಒಂದು ವೆಂಕಟರಮಣನ ಫೋಟೊ ಹಾಕಿ ಸಾಕು.” ಹಾಕಿ, ಬೇಡ ಎಂದವರು ಯಾರು? ಕೇಳಿದವರಿಗೆ ಹಾಕಿ, ಏಸುವನ್ನು ಕೇಳಿದರೆ ಏಸು, ಮೆಕ್ಕಾ ಕೇಳಿದರೆ ಮೆಕ್ಕಾ. ಆದರೆ ಆ ವರಾಂಡದಲ್ಲಿ ಕೂತಿದ್ದ ಹೆಂಗಸರು ಯಾರು ಎಂದು ಒಮ್ಮೆ ಯೋಚಿಸಿ. ಬೆಳಗಾದರೆ ಬಾಗಿಲಿಗೆ ನೀರು ಹಾಕಿ ಮುಗ್ಗು ಬಿಡಿಸಿದವರು, ಅರವತ್ತು ವರ್ಷ. ಚುಕ್ಕಿ ಎಣಿಸಿ, ಕೈ ಎತ್ತದೆ ಗೆರೆ ಎಳೆದು, ಸಂಕ್ರಾಂತಿ ಬಂದರೆ ಬೀದಿ ತುಂಬ ಬರೆದವರು. ನಮ್ಮ ನಲವತ್ತು ಸ್ವಯಂಸೇವಕರಲ್ಲಿ ಒಬ್ಬರಿಗೂ ಅಂಥ ಗೆರೆ ಬರುತ್ತಿರಲಿಲ್ಲ. ನಮ್ಮ ಸಾಗರ, ಸೊರಬದ ದೀವರ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆದವರು. ಸಾರ್ವಜನಿಕ ಕಲೆ ಎನ್ನುವ ಪದ ಹುಟ್ಟುವ ಮುಂಚೆಯೇ ಗೋಡೆ ಮತ್ತು ಬೀದಿ ಇವರ ಕೈಯಲ್ಲಿತ್ತು. ಕಲಾವಿದರನ್ನು ಒಳಗೆ ಕೂರಿಸಿ, ಹೊರಗಿನಿಂದ ಕಲೆ ಗೊತ್ತಿಲ್ಲದವರನ್ನು ಕರೆಸಿ ಬಣ್ಣ ಬಳಿಸಿದ್ದು ನಾವು.

ಅವರಿಗೆ ಈಗ ಬಾಗಲು ಮಂಡಿ ಬಿಡುವುದಿಲ್ಲ. ಅಷ್ಟೇ ತೊಂದರೆ. ಇದಕ್ಕೆ ಪರಿಹಾರ ನಮ್ಮೆಲ್ಲರ ಅಡುಗೆಮನೆಯಲ್ಲೇ ಇದೆ. ಒಂದು ಕಡಪ ಕಲ್ಲಿನ ಚಪ್ಪಡಿ. ಆಂಧ್ರದ್ದೇ ಕಲ್ಲು, ಕಪ್ಪಗೆ ನುಣ್ಣಗೆ ಇರುತ್ತದೆ. ಅದನ್ನು ವರಾಂಡದಲ್ಲಿ, ಗಾಲಿಕುರ್ಚಿ ಒಳಗೆ ತೂರುವ ಎತ್ತರಕ್ಕೆ, ಎರಡು ಕಾಲಿನ ಮೇಲೆ ಕೂರಿಸಿ. ಪಕ್ಕದಲ್ಲಿ ಒಂದು ಬಟ್ಟಲು ರಂಗೋಲಿ ಪುಡಿ. ಬೆಳಿಗ್ಗೆ ಬರೆದದ್ದನ್ನು ಸಂಜೆ ಒರೆಸಿದರಾಯಿತು. ನಾಳೆ ಇನ್ನೊಬ್ಬರ ಸರದಿ. ಬರೆಯಲಾರದವರು ಸುತ್ತ ಕೂತು ಗೆರೆ ತಪ್ಪಿತು ಎಂದು ಬೈಯಬಹುದು, ಅದೂ ಒಂದು ಕೆಲಸವೇ. ನಮ್ಮ ಡ್ರೋನಿನ ಒಂದು ದಿನದ ಬಾಡಿಗೆಯಲ್ಲಿ ಇಂಥ ಮೂರು ಚಪ್ಪಡಿ ಬರುತ್ತಿದ್ದವು, ನಾನೇ ಆ ಬಿಲ್ಲಿಗೆ ಸಹಿ ಹಾಕಿದ್ದೇನೆ.

ಕಣ್ಣು ಸೋತವರಿಗೆ ಕೈಗೆ ಸಿಗುವ ಕಲೆ ಬೇಕು. ಪರವಾಡ ಇರುವ ಅದೇ ಅನಕಾಪಲ್ಲಿ ಜಿಲ್ಲೆಯಲ್ಲಿ ಏಟಿಕೊಪ್ಪಾಕ ಇದೆ, ವರಾಹ ನದಿಯ ದಡದ ಮೇಲೆ. ಅಲ್ಲಿ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುತ್ತಾರೆ. 2017ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರವನ್ನೇ ಅವರು ಅಂಕುಡು ಎನ್ನುತ್ತಾರೆ. ನುಣುಪಾದ, ದುಂಡಗಿನ, ಬೀಜ ಮತ್ತು ಬೇರಿನಿಂದ ತೆಗೆದ ಬಣ್ಣದ ವಸ್ತು. ಓಣಿಯುದ್ದಕ್ಕೂ ಹಿಡಿದು ನಡೆಯುವ ಕಂಬಿಗೆ ಇಂಥ ಕಡೆದ ಗುಂಡು, ಬುಗುರಿ, ಹಕ್ಕಿಗಳನ್ನು ಪೋಣಿಸಿದರೆ, ಯಾವ ಕೋಣೆ ಬಂತು ಎಂದು ಕೈಯೇ ಹೇಳುತ್ತದೆ. ಊಟದ ಮನೆಗೆ ಬುಗುರಿ, ಬಚ್ಚಲಿಗೆ ಮೀನು. ಕಸುಬುದಾರನಿಗೆ ಕೆಲಸ, ಮುದುಕನಿಗೆ ದಾರಿ.

ಮೂರನೇ ಮಾತು ಸ್ವಯಂಸೇವಕರ ಪರವಾಗಿ ಬರುವುದು. “ಉದ್ದೇಶ ಒಳ್ಳೇದಿತ್ತಲ್ಲ, ಯಾಕೆ ಕಾಲೆಳೆಯುತ್ತೀರಿ?” ಹುಡುಗರ ಉದ್ದೇಶ ಒಳ್ಳೆಯದೇ. ಅವರನ್ನು ನಾನು ಬೈಯುತ್ತಿಲ್ಲ, ಬೈಯುತ್ತಿರುವುದು ನಿರ್ಧಾರ ಮಾಡಿದವರನ್ನು, ಅಂದರೆ ನನ್ನಂಥವರನ್ನು. ನಗುವ ಅಜ್ಜ ಅಜ್ಜಿಯ ಚಿತ್ರ ರಸ್ತೆಯಲ್ಲಿ ಹೋಗುವವನಿಗೆ ಒಂದು ಸುದ್ದಿ ಹೇಳುತ್ತದೆ: ಒಳಗಿನವರು ಸುಖವಾಗಿದ್ದಾರೆ, ನೀನು ನೆಮ್ಮದಿಯಾಗಿ ಹೋಗು. ಅಪ್ಪ ಅಮ್ಮನನ್ನು ಒಳಗೆ ಬಿಟ್ಟುಬಂದ ಮಕ್ಕಳಿಗೂ ಅದು ಅದೇ ಹೇಳುತ್ತದೆ. ನನಗೂ ಹೇಳುತ್ತಿತ್ತು. ಹಾಗಾಗಿ ಆ ಚಿತ್ರದಿಂದ ಯಾರಿಗೂ ಉಪಯೋಗವಾಗಲಿಲ್ಲ ಎನ್ನುವುದು ಸುಳ್ಳು. ಹೊರಗಿರುವ ನಮಗೆ ಬಹಳ ಉಪಯೋಗವಾಯಿತು.

ಒಳಗಿನವರಿಗಾಗಿ ಮಾಡಿದ್ದು ಹೇಗಿರುತ್ತದೆ ಎನ್ನುವುದಕ್ಕೆ ಜರ್ಮನಿಯ ಡಸೆಲ್ಡಾರ್ಫಿನ ಬೆನ್ರಾಥ್ ಹಿರಿಯರ ಮನೆಯನ್ನು ನೋಡಬೇಕು. ಮರೆವಿನ ಕಾಯಿಲೆಯವರು ಮನೆಗೆ ಹೋಗಬೇಕು ಎಂದು ಹೊರಟು ದಾರಿ ತಪ್ಪುತ್ತಿದ್ದರು. 2008ರ ಸುಮಾರಿಗೆ ಅಲ್ಲಿಯವರು ಗೇಟಿನೆದುರು ಒಂದು ಬಸ್ ಸ್ಟಾಪು ಇಟ್ಟರು. ಫಲಕ ಇದೆ, ಬೆಂಚು ಇದೆ, ಬಸ್ಸು ಮಾತ್ರ ಬರುವುದಿಲ್ಲ. ಹೊರಟವರು ಅಲ್ಲಿ ಕೂರುತ್ತಾರೆ, ಸ್ವಲ್ಪ ಹೊತ್ತಿಗೆ ತಳಮಳ ಇಳಿಯುತ್ತದೆ, ಸಿಬ್ಬಂದಿ ಬಂದು ಕಾಫಿಗೆ ಕರೆಯುತ್ತಾರೆ. ಇದು ಮೋಸವಲ್ಲವೇ ಎಂದು ವಾದಿಸಿದವರಿದ್ದಾರೆ, ನನಗೂ ಪೂರ್ತಿ ಸಮಾಧಾನವಿಲ್ಲ. ಆದರೆ ಅದನ್ನು ಇಟ್ಟವರಿಗೆ ಒಳಗಿರುವವರ ಸಂಕಟ ಏನೆಂದು ಗೊತ್ತಿತ್ತು. ನಮಗೆ ಅವರ ಹೆಸರೂ ಗೊತ್ತಿರಲಿಲ್ಲ.

ದೊಡ್ಡ ಕಲಾವಿದರು ಬೇಕು ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ 2009ರ ಸುಮಾರಿಗೆ ಪಾಲಿಕೆ ಗೋಡೆಗಳಿಗೆ ಚಿತ್ರ ಬರೆಸಿದ್ದು ನೆನಪಿರಬಹುದು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರು ಬರೆದರು. ಹಂಪಿ, ಬೇಲೂರು, ಹುಲಿ, ಜಲಪಾತ. ಕಲಾ ವಿಮರ್ಶಕರು ಮೂಗು ಮುರಿದರು. ನಾನೂ ಆಗ ನಕ್ಕಿದ್ದೆ. ಈಗ ಅನ್ನಿಸುತ್ತದೆ, ದೂರದಿಂದ ಕಾಣುವ ದೊಡ್ಡ ಮುಖ, ಗಟ್ಟಿ ಗೆರೆ, ಎದ್ದು ಕಾಣುವ ಕೆಂಪು ಹಳದಿ, ಇವೆಲ್ಲ ಮಂಜುಗಣ್ಣಿಗೆ ಹೇಳಿ ಮಾಡಿಸಿದ ಗುಣಗಳು. ಎಪ್ಪತ್ತು ದಾಟಿದವರು ಚಿಕ್ಕಂದಿನಲ್ಲಿ ಬಾಯಿ ಬಿಟ್ಟು ನೋಡಿದ ರಾಜಕುಮಾರ್, ಎನ್‌ಟಿಆರ್ ಕಟೌಟುಗಳ ಕೈ ಅದು. ಆ ಕೈಗಳಲ್ಲಿ ಕೆಲವಾದರೂ ಇನ್ನೂ ಉಳಿದಿವೆ. ಅವರನ್ನು ಕರೆಸಿ, ಕೂಲಿ ಕೊಟ್ಟು, ಒಳಗಿನ ಗೋಡೆ ಕೊಡಿ. ಒಳಗಿನವರು ಹೇಳಿದ್ದನ್ನು ಅವರು ಬರೆಯಲಿ.

ಈ ವರ್ಷ ಮತ್ತೆ ಅದೇ ವಿಭಾಗದಿಂದ ಅಂಥದೇ ಮೇಲ್ ಬಂದಿದೆ, ಬೇರೆ ಊರು, ಬೇರೆ ಗೋಡೆ. ನಾನು ಉತ್ತರದಲ್ಲಿ ನಾಲ್ಕು ಷರತ್ತು ಬರೆದಿದ್ದೇನೆ. ಮೊದಲನೆಯದು, ಚಿತ್ರ ಒಳಮೈಯಲ್ಲಿ, ಇಲ್ಲವೇ ಒಳಗೆ ಆದ ಮೇಲೆ ಹೊರಗೆ. ಎರಡನೆಯದು, ಕುಂಚ ಮುಟ್ಟುವ ಮುಂಚೆ ನಿವಾಸಿಗಳ ಜೊತೆ ಕನಿಷ್ಠ ಎರಡು ಮಧ್ಯಾಹ್ನ ಅವರ ಭಾಷೆಯಲ್ಲಿ ಮಾತು, ಬೇಡ ಎಂದವರ ಎದುರು ಖಾಲಿ ಗೋಡೆಯೇ ಇರಲಿ, ಅದೂ ಅವರ ಹಕ್ಕು. ಮೂರನೆಯದು, ಪ್ರತಿ ಮಂಚದೆದುರು ಒಂದು ಮರದ ಪಟ್ಟಿ, ಅದಕ್ಕೆ ಯಾರು ಏನು ಬೇಕಾದರೂ ಸಿಕ್ಕಿಸಿಕೊಳ್ಳಬಹುದು, ಮೊಮ್ಮಗಳ ಫೋಟೊ, ದೇವರು, ತಾಲ್ಲೂಕು ನಕ್ಷೆ. ನಾಲ್ಕನೆಯದು, ಲೋಗೊ ಇಲ್ಲ. ಮೂರು ದಿನದ ಮೇಲೆ ಉತ್ತರ ಬಂತು. ಮೂರನೆಯದು ಒಳ್ಳೆಯ ಐಡಿಯಾ, ಆದರೆ ಒಳಗೆ ಬೆಳಕು ಕಡಿಮೆ, ಫೋಟೊ ಚೆನ್ನಾಗಿ ಬರುವುದಿಲ್ಲ ಎಂದು.

ಬೆಳಕು ಕಡಿಮೆ ಎಂದು ಅವರಿಗೆ ಫೋಟೊದ ದೆಸೆಯಿಂದಲಾದರೂ ಗೊತ್ತಾಯಿತಲ್ಲ. ನಾನು ಮತ್ತೆ ಬರೆದಿದ್ದೇನೆ, ಹಾಗಿದ್ದರೆ ಐದನೇ ಷರತ್ತು, ಮೊದಲು ಒಳಗೆ ದೀಪ ಹಾಕಿಸಿ. ಇನ್ನೂ ಉತ್ತರ ಬಂದಿಲ್ಲ.

ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಮ್ಮ, ಅತ್ತೆ, ದೊಡ್ಡಪ್ಪ ಇಂಥ ಒಂದು ಕೋಣೆಯಲ್ಲಿದ್ದಾರೆ. ಮುಂದಿನ ಸಲ ಹೋದಾಗ ಹಣ್ಣಿನ ಚೀಲ ಇಟ್ಟು, ಬಿಪಿ ಶುಗರ್ ಕೇಳಿ, ವಾಚು ನೋಡಿಕೊಂಡು ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಮಂಚದ ಮೇಲೆ ನೀವು ಹತ್ತು ನಿಮಿಷ ಮಲಗಿ. ಫೋನು ತೆಗೆಯದೆ ಎದುರಿಗೆ ಏನಿದೆ ನೋಡಿ, ಮೇಲೆ ಏನಿದೆ ನೋಡಿ. ಆಮೇಲೆ ಎದ್ದುಹೋಗಿ ಆಫೀಸಿನಲ್ಲಿ ಮೊಳೆ ಹೊಡೆಯಲು ಅನುಮತಿ ಕೇಳಿ. ಕೊಡದಿದ್ದರೆ ಜಗಳ ಮಾಡಿ. ನಾನು ಮಾಡಲಿಲ್ಲ.